ಒಂದು ವಾರದ ರಜೆ, ಏಳು ಸಹಿ

ಸಂಬಂಧಪಟ್ಟ ಅಧಿಕಾರಿಗಳೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹುದ್ದೆ ಯಾವುದೆಂಬುದೂ ಖಚಿತವಿಲ್ಲ. ‘ರಜಾ ವಸತಿ ಸದಸ್ಯತ್ವ’ ಎಂಬ ಹೆಸರಿನಲ್ಲಿ ನನಗೂ ನನ್ನ ಬೋಟಿನ ಆರು ಮಂದಿಗೂ ಮೋಸವಾಗಿದೆ ಎಂದು ಕಳೆದ ಒಂದೂವರೆ ವರ್ಷದಲ್ಲಿ ಮೂರು ಕಚೇರಿಗಳಿಗೆ ಅರ್ಜಿ ಕೊಟ್ಟೆ. ಮೂರೂ ಕಡೆಯಿಂದ ಉತ್ತರ ಬಂತು, ಮೂರರಲ್ಲೂ ಒಂದೇ ಸಾಲು: ‘ನಿಮ್ಮ ಅರ್ಜಿಯನ್ನು ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟ ಅಧಿಕಾರಿಗಳಿಗೆ ರವಾನಿಸಲಾಗಿದೆ.’ ಮೂರು ಕಚೇರಿಗಳು ಒಂದೇ ಮಾತು ಹೇಳುತ್ತವೆಂದರೆ ನೀವು ಎಲ್ಲೋ ಇರಲೇಬೇಕು. ನಿಮ್ಮ ಮೇಜಿನ ಮೇಲೆ ನನ್ನ ಮೂರು ಅರ್ಜಿಗಳೂ ಇರಬೇಕು. ನೀವು ಪತ್ರಿಕೆಯನ್ನಾದರೂ ಓದುತ್ತೀರಿ ಎಂಬ ನಂಬಿಕೆಯಿಂದ ನಾಲ್ಕನೆಯದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೈತಖೋಲ ಬಂದರಿನ ಒಂದು ಟ್ರಾಲರ್ ಬೋಟಿನ ತಾಂಡೇಲ. ಎತ್ತ ಹೋಗಬೇಕು, ಎಲ್ಲಿ ಬಲೆ ಬಿಡಬೇಕು, ಗಾಳಿ ಎದ್ದರೆ ಯಾವಾಗ ತಿರುಗಬೇಕು ಎಂದು ಹೇಳುವವನು ತಾಂಡೇಲ. ಬಲೆ ಬಿಡಿ ಎಂದಾಗ ಯಾರೂ ಯಾಕೆ ಎಂದು ಕೇಳುವುದಿಲ್ಲ. ಕೇಳುತ್ತ ನಿಂತರೆ ಅಷ್ಟರಲ್ಲಿ ಮೀನು ಹೋಗಿರುತ್ತದೆ. ಈಗ ಬಹಳಷ್ಟು ಬೋಟುಗಳಲ್ಲಿ ದುಡಿಯುವವರು ದೂರದ ರಾಜ್ಯಗಳಿಂದ ಬಂದವರು. ನನ್ನ ಬೋಟಿನಲ್ಲಿ ಮಾತ್ರ ಆರಕ್ಕೆ ಆರೂ ನಮ್ಮ ಕೇರಿಯವರೇ. ಅದು ನನ್ನ ಹೆಮ್ಮೆಯಾಗಿತ್ತು. ನಾನು ಪಿಯುಸಿವರೆಗೆ ಓದಿದ್ದೇನೆ. ಕೇರಿಯವರ ಪಿಂಚಣಿ ಅರ್ಜಿ, ರೇಷನ್ ಕಾರ್ಡಿನ ತಕರಾರು ಎಲ್ಲವನ್ನೂ ಬರೆದುಕೊಡುವವನು ನಾನೇ. ಆದ್ದರಿಂದ ‘ಅರ್ಜಿದಾರರು ಅನಕ್ಷರಸ್ಥರಿದ್ದು ತಪ್ಪು ತಿಳಿವಳಿಕೆಯಿಂದ’ ಎಂದು ಷರಾ ಬರೆದು ಫೈಲು ಮುಚ್ಚುವ ಸೌಕರ್ಯ ನಿಮಗಿಲ್ಲ.

ಮೂರೂವರೆ ವರ್ಷದ ಹಿಂದೆ ನನ್ನ ಹೆಂಡತಿ ಹೀರಾ ಅಂಕೋಲೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಕೊಂಡಾಗ ಅವರು ಕೊಟ್ಟ ಚೀಟಿಯಲ್ಲಿ ನಮ್ಮ ಫೋನ್ ನಂಬರು ಬರೆದು ಡಬ್ಬಿಗೆ ಹಾಕಿದಳು. ವಾರ ಕಳೆಯುವುದರೊಳಗೆ ಫೋನು ಬಂತು. ನಿಮಗೆ ಬಹುಮಾನ ಬಂದಿದೆ, ಭಾನುವಾರ ಅಂಕೋಲೆಯ ಸಭಾಭವನಕ್ಕೆ ಬನ್ನಿ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂದರು. ಇಬ್ಬರೂ ಯಾಕೆ ಬೇಕು ಎಂದು ಆಗ ಹೊಳೆಯಲಿಲ್ಲ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಎದ್ದು ಬರುವ ದಾರಿಯನ್ನು ಮೊದಲೇ ಮುಚ್ಚುವುದಕ್ಕೆ ಎಂದು ಈಗ ಗೊತ್ತು. ಹವಾನಿಯಂತ್ರಿತ ಕೋಣೆ, ತಣ್ಣನೆಯ ಶರಬತ್ತು, ಪ್ರತಿ ದಂಪತಿಗೆ ಒಂದು ಮೇಜು, ಪ್ರತಿ ಮೇಜಿಗೆ ಟೈ ಕಟ್ಟಿದ ಒಬ್ಬ ಹುಡುಗ. ವರ್ಷಕ್ಕೆ ಏಳು ದಿನ, ಇಪ್ಪತ್ತೈದು ವರ್ಷ, ದೇಶದ ತುಂಬ ಅವರ ರೆಸಾರ್ಟುಗಳು, ಎಲ್ಲಿಗೆ ಬೇಕಾದರೂ ಹೋಗಿ ಎಂದ. ಯಾರಾದರೂ ಸಹಿ ಹಾಕಿದಾಗ ಒಂದು ಗಂಟೆ ಬಾರಿಸುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾವೂ ತಟ್ಟಿದೆವು. ನಾಲ್ಕು ತಾಸು ಕೂತೆವು.

ಹೀರಾ ಮೂವತ್ತು ವರ್ಷ ಮೀನು ಮಾರಿದವಳು. ಆ ಹುಡುಗ ಲ್ಯಾಪ್‌ಟಾಪಿನಲ್ಲಿ ಮಂಜು ಬಿದ್ದ ಬೆಟ್ಟ ತೋರಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಿ ದರ್ಯಾ ಕಾಣೂದಿಲ್ಲ ಅಲ್ಲಾ?” ಸಮುದ್ರ ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರ ಮೇಡಂ ಎಂದು ಅವನು ಸಮಾಧಾನ ಹೇಳಿದ. ಅವಳ ಮುಖ ನೋಡಿ ನಾನು ಅರ್ಧ ಒಪ್ಪಿಬಿಟ್ಟಿದ್ದೆ.

ಉಳಿದರ್ಧಕ್ಕೆ ನನ್ನ ಜಾಣತನವೇ ಕಾರಣ. ಸದಸ್ಯತ್ವದಲ್ಲಿ ಬಣ್ಣ ಬಣ್ಣದ ಕಾರ್ಡುಗಳಿದ್ದವು. ಡಿಸೆಂಬರ್ ತಿಂಗಳ ರಜೆಯ ಕಾರ್ಡು ದುಬಾರಿ, ಏಪ್ರಿಲ್ ಮೇ ತಿಂಗಳದ್ದು ಅದಕ್ಕಿಂತ ಸ್ವಲ್ಪ ಕಡಿಮೆ, ಜೂನ್ ಜುಲೈ ತಿಂಗಳ ಹಸಿರು ಕಾರ್ಡು ಅರ್ಧಕ್ಕಿಂತ ಅಗ್ಗ. ಮಳೆಗಾಲದಲ್ಲಿ ಯಾರು ಹೋಗುತ್ತಾರೆ? ನಾವು ಹೋಗುತ್ತೇವೆ! ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಬೋಟುಗಳಿಗೆ ಸರ್ಕಾರವೇ ನಿಷೇಧ ಹಾಕುತ್ತದೆ. ವರ್ಷದಲ್ಲಿ ನಮಗೆ ಬಿಡುವೆಂದರೆ ಆ ಅರವತ್ತೊಂದು ದಿನ ಮಾತ್ರ. ಜಗತ್ತಿಗೆ ಬೇಡವಾದ ತಿಂಗಳು ನಮಗೆ ಬೇಕಾದ ತಿಂಗಳು. ಕಂಪನಿಗೆ ಇದು ಗೊತ್ತಾಗಿಲ್ಲ, ಗೊತ್ತಾಗುವ ಮೊದಲೇ ಸಹಿ ಹಾಕಿಬಿಡಬೇಕು ಎಂದು ನಾನು ಮೇಜಿನ ಕೆಳಗೆ ಹೀರಾಳ ಕಾಲು ತಟ್ಟಿದೆ. ಮೋಸ ಮಾಡುತ್ತಿರುವವನು ನಾನೇ ಎಂದುಕೊಂಡಿದ್ದೆ, ಮಾನ್ಯರೇ. ಸಹಿ ಹಾಕುವಾಗ ನನಗೆ ಸ್ವಲ್ಪ ಪಾಪಪ್ರಜ್ಞೆಯೂ ಇತ್ತು.

ಮರುದಿನವೇ ಹತ್ತು ದಿನದ ಟ್ರಿಪ್ಪಿಗೆ ಸಮುದ್ರಕ್ಕೆ ಹೊರಟೆವು. ಒಪ್ಪಂದದ ಹತ್ತೊಂಬತ್ತನೆಯ ಪುಟದಲ್ಲಿ ಒಂದು ಸಾಲಿದೆ. ಸಹಿ ಹಾಕಿದ ಹತ್ತು ದಿನದೊಳಗೆ ಬೇಡವೆಂದರೆ ಹಣ ವಾಪಸು. ಆ ಇಂಗ್ಲಿಷ್ ಪುಸ್ತಕ ಅಂಚೆಯಲ್ಲಿ ನಮ್ಮ ಮನೆಗೆ ಬಂದದ್ದು ಹದಿನೆಂಟನೆಯ ದಿನ. ಸಹಿ ಹಾಕಿಸಿಕೊಂಡದ್ದು ಕೊನೆಯ ಪುಟಕ್ಕೆ ಮಾತ್ರ. ಹತ್ತು ದಿನ ನಾನು ನಡುನೀರಿನಲ್ಲಿದ್ದೆ, ಪುಸ್ತಕ ಅವರ ಕಪಾಟಿನಲ್ಲಿತ್ತು. ಹಿಂದೆಗೆಯುವ ಹಕ್ಕು ನಮ್ಮಿಬ್ಬರ ನಡುವೆ ಎಲ್ಲಿತ್ತು ಎಂದು ನೀವೇ ಹೇಳಬೇಕು.

ಆ ಟ್ರಿಪ್ಪಿನಲ್ಲಿ, ಬಲೆ ಎಳೆಯುವ ಮುಂಚಿನ ಬಿಡುವಿನಲ್ಲಿ, ನಾನು ಹುಡುಗರಿಗೆಲ್ಲ ವಿಷಯ ಹೇಳಿದೆ. ಹಸಿರು ಕಾರ್ಡಿನ ಗುಟ್ಟನ್ನು ಹೇಳಿ ನಕ್ಕೆ. ಎಂಜಿನ್ ನೋಡಿಕೊಳ್ಳುವ ದತ್ತಾ ಹತ್ತೊಂಬತ್ತು ವರ್ಷದಿಂದ ನನ್ನ ಜೊತೆಗಿದ್ದವನು. ಅವನು ಕೈ ಒರೆಸಿಕೊಳ್ಳುತ್ತ, “ನೀವ್ ಹಾಕಿರಲ್ಲ ತಾಂಡೇಲ, ಮತ್ತೆಂತ ಕೇಳೂದು? ನಮ್ದೂ ಬರ್ಸಿ” ಎಂದ. ಬೋಟು ತೀರಕ್ಕೆ ಬಂದ ಮೇಲಿನ ಭಾನುವಾರ ಎರಡು ಟೆಂಪೋ ಮಾಡಿಕೊಂಡು ಆರೂ ಜೋಡಿಗಳು ಅಂಕೋಲೆಗೆ ಹೋದರು. ಮುಂದೆ ನಾನಿದ್ದೆ. ನಾಲ್ಕು ತಾಸಿನ ಭಾಷಣಕ್ಕೆ ಸಜ್ಜಾಗಿದ್ದ ಟೈ ಹುಡುಗರಿಗೆ ದತ್ತಾ ನನ್ನ ಕಡೆ ಕೈ ಮಾಡಿ, “ಅವ್ರು ಎಲ್ಲಿ ಹಾಕಿರೋ ಅಲ್ಲೇ ನಮ್ದೂ ಹಾಕೂದು, ತೋರ್ಸಿ” ಎಂದ. ಅರ್ಧ ತಾಸಿನಲ್ಲಿ ಆರು ಸಲ ಗಂಟೆ ಬಾರಿಸಿದರು. ಕೈಯಲ್ಲಿ ಅಷ್ಟು ಹಣವಿಲ್ಲದ ಐವರಿಗೆ ಅಲ್ಲಿಯೇ ಸಾಲದ ಫಾರ್ಮು ತುಂಬಿಸಿದರು. ನಿಮ್ಮ ಭಾಷೆಯಲ್ಲಿ ಇದಕ್ಕೆ ‘ಗ್ರಾಹಕರು ಸ್ವಇಚ್ಛೆಯಿಂದ’ ಎನ್ನುತ್ತಾರೆ. ಸ್ವಇಚ್ಛೆ ಏಳೂ ಸಹಿಗಳಲ್ಲಿ ಒಂದೇ ಇತ್ತು, ಅದು ನನ್ನದು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ಬೇರೆ ಯಾರದೋ ಕಥೆಯಂತೆ ಕೇಳಿಸುತ್ತದೆ. ಮೊದಲನೆಯ ಜೂನ್: ಬೆಟ್ಟದ ಊರುಗಳೆಲ್ಲ ಭರ್ತಿ, ಒಂಬತ್ತು ತಿಂಗಳು ಮೊದಲೇ ಕೇಳಬೇಕು. ಎರಡನೆಯ ಜೂನ್‌ಗೆ ಹಿಂದಿನ ಸೆಪ್ಟೆಂಬರಿನಲ್ಲೇ ಕೇಳಿದೆವು. ಹಸಿರು ಕಾರ್ಡಿನ ಕೋಣೆಗಳನ್ನು ಮಳೆಗಾಲದಲ್ಲಿ ದುರಸ್ತಿಗಾಗಿ ಮುಚ್ಚಲಾಗುತ್ತದೆ ಎಂಬ ಉತ್ತರ ಬಂತು. ಮಳೆಗಾಲಕ್ಕೆಂದೇ ಮಾರಿದ ಕೋಣೆಯನ್ನು ಮಳೆಗಾಲದಲ್ಲಿಯೇ ಮುಚ್ಚುವ ಈ ಬುದ್ಧಿವಂತಿಕೆಗೆ ನಾನು ಫೋನಿನಲ್ಲಿ ನಕ್ಕುಬಿಟ್ಟೆ. ಆ ಕಡೆಯ ಹುಡುಗಿಯೂ ನಕ್ಕಳು. ಬೇರೆ ತಿಂಗಳು ಕೊಡಿ ಎಂದರೆ ಬೇರೆ ಬಣ್ಣದ ಕಾರ್ಡಿಗೆ ಏರಬೇಕು, ಅದಕ್ಕೆ ಬೇರೆ ಹಣ. ಬೇರೆ ತಿಂಗಳಲ್ಲಿ ನಾವು ಸಮುದ್ರದಲ್ಲಿರುತ್ತೇವೆ ಎಂಬುದು ಬೇರೆ ಮಾತು. ನಾವು ಹೋಗಲಿ ಬಿಡಲಿ, ವರ್ಷ ವರ್ಷವೂ ನಿರ್ವಹಣಾ ಶುಲ್ಕ ಕಟ್ಟಬೇಕು, ಅದು ವರ್ಷ ವರ್ಷವೂ ಏರಬೇಕು. ಮಾರೋಣವೆಂದರೆ ಕೊಳ್ಳುವವರಿಲ್ಲ. ನಾನು ಸತ್ತರೂ ಮುಗಿಯುವುದಿಲ್ಲ. ನನ್ನ ಮಗಳು ಪ್ರೀತಿಯ ಹೆಸರನ್ನು ನಾಮಿನಿ ಎಂದು ಬರೆಸಿಕೊಂಡಿದ್ದಾರೆ. ಆ ದಿನ ಅದನ್ನು ಸೌಲಭ್ಯ ಎಂದು ಹೇಳಿದ್ದರು.

ಮೂರನೆಯ ಜೂನಿನಲ್ಲಿ ನನಗೆ ಒಂದು ಕೋಣೆ ಸಿಕ್ಕಿತು. ಏಳು ಜನರಲ್ಲಿ ನನಗೊಬ್ಬನಿಗೇ ಸಿಕ್ಕಿತು. ಅದು ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದೂವರೆ ತಾಸು ದೂರ, ಅಂಕೋಲೆ ದಾಟಿ ಮುಂದೆ, ಕಡಲ ದಂಡೆಯ ಮೇಲೆ. ಬೇಡವೆಂದರೆ ಆ ವರ್ಷದ ವಾರ ರದ್ದಾಗುತ್ತದೆ ಎಂದರು. ಹೋದೆವು. ಹೀರಾ ಬೆಟ್ಟದ ಚಳಿಗೆಂದು ಶಾಲು ಕೊಂಡಿದ್ದಳು, ಅದನ್ನೂ ತಂದಿದ್ದಳು. ಕೋಣೆಯ ಕಿಟಕಿಯ ಪರದೆ ಸರಿಸಿದಳು, ಎದುರಿಗೆ ಸಮುದ್ರ. “ಇಲ್ಲೂ ಅದೇ ದರ್ಯಾ? ಇದನ್ನ ನೋಡೂಕೆ ಬಸ್ ಹತ್ತಿ ಬರ್ಬೇಕಿತ್ತಾ ನಾವು?” ಎಂದಳು. ಬೈಯಲಿಲ್ಲ, ಸುಮ್ಮನೆ ಕೇಳಿದಳು. ಸಂಜೆ ನಾನು ನೀರಿನ ಅಂಚಿಗೆ ಹೋಗಿ ನಿಂತಾಗ ಕಾವಲಿನವನೊಬ್ಬ ಪೀಪಿ ಊದಿ, “ಅಂಕಲ್, ಹಿಂದೆ ಬನ್ನಿ, ಮಳೆಗಾಲದ ಸಮುದ್ರ, ನಿಮಗೆ ಗೊತ್ತಾಗೂದಿಲ್ಲ” ಎಂದ. ಹಿಂದೆ ಬಂದೆ. ಊಟಕ್ಕೆ ಮುಳ್ಳಿಲ್ಲದ ಬಿಳಿ ಮೀನಿನ ತುಂಡು ಬಂತು. ಹೀರಾ ಮೂಸಿ ನೋಡಿದಳು, ಚಮಚದಲ್ಲಿ ಬಿಡಿಸಿ ನೋಡಿದಳು, ಯಾವ ಮೀನೆಂದು ಅವಳಿಗೂ ತಿಳಿಯಲಿಲ್ಲ. ಊಟದ ಬಿಲ್ಲು ಸದಸ್ಯತ್ವದಲ್ಲಿ ಸೇರಿಲ್ಲ ಎಂಬುದು ಮಾತ್ರ ತಿಳಿಯಿತು. ಎರಡು ರಾತ್ರಿ ಕಳೆದು ಮೂರನೆಯ ದಿನ ಬೆಳಿಗ್ಗೆ ಬಸ್ಸು ಹಿಡಿದು ಮನೆಗೆ ಬಂದೆವು. ಶಾಲು ಕಪಾಟಿನಲ್ಲಿದೆ.

ಇಲ್ಲಿಯವರೆಗೆ ನಡೆದದ್ದು ನನ್ನೊಬ್ಬನ ಮೂರ್ಖತನವಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಿರ್ವಹಣಾ ಶುಲ್ಕ ಪ್ರತಿ ವರ್ಷ ಜೂನ್ ಐದಕ್ಕೆ ಬ್ಯಾಂಕಿನ ಖಾತೆಯಿಂದ ತಾನಾಗಿ ಹೋಗುತ್ತದೆ. ಬೋಟು ದಡಕ್ಕೇರಿ ಐದು ದಿನವಾಗಿರುತ್ತದೆ. ಎರಡು ತಿಂಗಳು ಮನೆ ನಡೆಯಬೇಕಾದದ್ದು ಆ ಖಾತೆಯಲ್ಲಿರುತ್ತದೆ. ಮಕ್ಕಳ ಶಾಲೆ ಕಾಲೇಜಿನ ಫೀಜು ಕಟ್ಟುವುದೂ ಅದೇ ವಾರ. ಈ ವರ್ಷ ದತ್ತಾನ ಮಗಳು ಪೂಜಾಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಆರನೆಯ ತಾರೀಖು ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ಫೀಜಿಗೆ ಬೇಕಾದಷ್ಟು ಉಳಿದಿರಲಿಲ್ಲ. ದತ್ತಾ ನನ್ನ ಹತ್ತಿರ ಬರಲಿಲ್ಲ. ಮೊದಲಾಗಿದ್ದರೆ ಇಂಥದ್ದಕ್ಕೆ ಅವನು ಮೊದಲು ಬರುತ್ತಿದ್ದದ್ದು ನನ್ನ ಮನೆಗೇ. ಕಡೆಯ ದಿನ ಕಳೆಯಿತು, ಸೀಟು ಬೇರೆಯವರಿಗೆ ಹೋಯಿತು. ಪೂಜಾ ಈಗ ಕಾರವಾರದ ಒಂದು ಮೊಬೈಲ್ ಅಂಗಡಿಯಲ್ಲಿ ನಿಲ್ಲುತ್ತಾಳೆ. ಇದೆಲ್ಲ ನನಗೆ ತಿಳಿದದ್ದು ಎರಡು ವಾರದ ಮೇಲೆ, ಹೀರಾಳ ಬಾಯಿಂದ. ಕೇಳಿದಾಗ ನನಗೆ ಅಳು ಬರಬೇಕಿತ್ತು, ಕಂಪನಿಯ ಮೇಲೆ ಸಿಟ್ಟಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಕೈಯಲ್ಲಿದ್ದ ಬಲೆಯ ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತ ಕೂತೆ.

ಈಗ ಮೂರೂ ಅರ್ಜಿಗಳಲ್ಲಿ ನಾನು ಬರೆಯದೆ ಬಿಟ್ಟ ಒಂದು ಸಂಗತಿಯನ್ನು ಬರೆಯುತ್ತೇನೆ. ಆರು ಮಂದಿ ಸಹಿ ಹಾಕಿದ ಒಂದು ತಿಂಗಳಿಗೆ ನಮ್ಮ ಮನೆಗೆ ಒಂದು ಮಿಕ್ಸರ್ ಬಂತು. ಜೊತೆಗೊಂದು ಕಾಗದ: ‘ಆರು ಹೊಸ ಕುಟುಂಬಗಳನ್ನು ಪರಿಚಯಿಸಿದ ಗೌರವಾನ್ವಿತ ಸದಸ್ಯರಿಗೆ ಕಿರುಕಾಣಿಕೆ.’ ನಾನು ಕೇಳಿರಲಿಲ್ಲ. ಹಾಗೆ ಕೊಡುತ್ತಾರೆಂದು ಗೊತ್ತೂ ಇರಲಿಲ್ಲ. ಆದರೆ ಕಾಗದ ಓದಿದ ಮೇಲೆ ಗೊತ್ತಾಯಿತಲ್ಲ? ಕಾಗದವನ್ನು ಮಡಚಿ ಒಳಗಿಟ್ಟೆ. ಹೀರಾಳಿಗೆ, ಕಂಪನಿಯವರು ಎಲ್ಲರಿಗೂ ಕೊಡುವುದು ಎಂದೆ. ಅವಳು ಅದರಲ್ಲೇ ಮಸಾಲೆ ಅರೆಯತೊಡಗಿದಳು.

ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕಚೇರಿಗಳಲ್ಲಿ ದೀಪಾವಳಿಗೆ ಇದಕ್ಕಿಂತ ದೊಡ್ಡದು ಬರುತ್ತದೆ ಎಂದು ಕೇಳಿದ್ದೇನೆ, ಸುಳ್ಳಿದ್ದರೆ ಕ್ಷಮಿಸಿ. ಬೋಟಿನ ಕಾನೂನು ಬೇರೆ. ಬಲೆಗೆ ಬಿದ್ದದ್ದೆಲ್ಲವೂ ಪಾಲು. ತಾಂಡೇಲನಿಗೆ ಒಂದು ಪಾಲು ಹೆಚ್ಚಿರಬಹುದು, ಆದರೆ ಪಾಲು ಮಾಡದೆ ಏನನ್ನೂ ಮನೆಗೆ ಒಯ್ಯುವಂತಿಲ್ಲ. ಒಮ್ಮೆ ಯಾವುದೋ ಹಡಗಿನಿಂದ ತೇಲಿಬಂದ ಖಾಲಿ ಡ್ರಮ್ಮೊಂದು ನಮ್ಮ ಬಲೆಗೆ ಸಿಕ್ಕಿತ್ತು. ಅದನ್ನು ಗುಜರಿಗೆ ಮಾರಿ ಬಂದ ಚಿಲ್ಲರೆಯನ್ನೂ ಎಲ್ಲರಿಗೂ ಹಂಚಿದ್ದೆವು. ಜ್ವರ ಬಂದು ಮನೆಯಲ್ಲಿ ಮಲಗಿದ್ದವನಿಗೂ ಕೊಟ್ಟಿದ್ದೆವು. ಆ ಕಾನೂನನ್ನು ಹತ್ತೊಂಬತ್ತು ವರ್ಷ ದತ್ತಾನಿಗೆ ಕಲಿಸಿದವನು ನಾನು.

ಈ ಜೂನಿನಲ್ಲಿ ಆರು ಮನೆಯವರಲ್ಲೊಬ್ಬರು ಕಂಪನಿಗೆ ಫೋನು ಮಾಡಿ ಜಗಳವಾಡಿದಾಗ ಆ ಕಡೆಯವರು, ನಿಮ್ಮನ್ನು ಸೇರಿಸಿದವರಿಗೆ ಮಿಕ್ಸರ್ ಕೊಟ್ಟಿದ್ದೇವೆ, ಅವರನ್ನೇ ಕೇಳಿ ಎಂದರಂತೆ. ಕೇರಿಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ನೀರಿನ ನಳದ ಹತ್ತಿರ ದತ್ತಾನ ಹೆಂಡತಿ ರುಕ್ಮಿಣಿ, ಹೀರಾಳಿಗೆ ಕೇಳುವಂತೆ, “ಆರು ಮನೆಗೆ ಒಂದು ಮಿಕ್ಸರ್. ಅಗ್ಗ ಆಯ್ತು” ಎಂದಳಂತೆ. ಹೀರಾ ಕೊಡ ತುಂಬಿಸದೆ ಮನೆಗೆ ಬಂದಳು. “ಎಲ್ಲರಿಗೂ ಕೊಡೂದು ಅಂದಿರಲ್ಲ?” ಎಂದು ನನ್ನನ್ನು ಕೇಳಿದಳು. ನಾನು ಒಳಗಿನಿಂದ ಆ ಕಾಗದ ತಂದು ಕೊಟ್ಟೆ. ಆವತ್ತಿನಿಂದ ಮಿಕ್ಸರ್ ಅಟ್ಟದ ಮೇಲಿದೆ. ಅವಳು ಕಲ್ಲಿನಲ್ಲಿ ಅರೆಯುತ್ತಾಳೆ, ಮೊಣಕಾಲು ನೋವಿದ್ದರೂ.

ಹೋದ ಬುಧವಾರ ದತ್ತಾ ಮನೆಗೆ ಬಂದ. ಜಗಲಿಯ ಮೇಲೆ ಕೂತ, ಚಹಾ ಬೇಡವೆಂದ.

“ತಾಂಡೇಲ, ಈ ಸಲ ನಾ ಬೇರೆ ಬೋಟಿಗೆ ಹೋಗ್ತೆ.”

“ನನ್ ಮೇಲೆ ಸಿಟ್ಟಾ ದತ್ತಾ?”

“ಸಿಟ್ಟೆಂತದು. ನಿಮ್ದೂ ಹೋಯ್ತಲ್ಲ.” ಮೂಲೆಗಿಟ್ಟ ಕೊಡೆ ಎತ್ತಿಕೊಂಡ. “ಮಿಕ್ಸರ್ ಬಂದಿದ್ದು ಹೇಳ್ಬೇಕಿತ್ತು ನೀವು. ಅಷ್ಟೇ.”

“ಹೇಳ್ಬೇಕಿತ್ತು” ಎಂದೆ. ಅವನು ಕೊಡೆ ಬಿಚ್ಚಿಕೊಂಡು ಹೋದ. ಉಳಿದ ಐವರು ಇನ್ನೂ ಏನೂ ಹೇಳಿಲ್ಲ. ಬಲೆ ರಿಪೇರಿಗೆ ಬರುತ್ತಾರೆ, ಕೂರುತ್ತಾರೆ, ಹೆಣೆಯುತ್ತಾರೆ. ಮೊನ್ನೆ ಒಂದು ಕಡೆ ಹಗ್ಗ ಬದಲಿಸಿ ಎಂದು ನಾನು ಹೇಳಿದಾಗ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬದಲಿಸಿದರು. ಅಷ್ಟು ಹೊತ್ತು ತಡವಾದರೂ ದಡದ ಮೇಲೆ ನಡೆಯುತ್ತದೆ. ಗಾಳಿ ಎದ್ದ ನೀರಿನಲ್ಲಿ ಅಷ್ಟು ಹೊತ್ತು ಇರುವುದಿಲ್ಲ, ಮಾನ್ಯರೇ. ತಾಂಡೇಲನ ಮಾತು ಕೇಳಿ ಮುಖ ಮುಖ ನೋಡುವ ಬೋಟನ್ನು ಸಮುದ್ರಕ್ಕೆ ಇಳಿಸಬಾರದು. ಇಳಿಸಿದರೆ ಏನಾಗುತ್ತದೆಂದು ನಾನು ನೋಡಿದ್ದೇನೆ.

ಹಣದ ಮಾತಿಗೆ ಗ್ರಾಹಕರ ನ್ಯಾಯಾಲಯವಿದೆ, ವಕೀಲರನ್ನು ಹಿಡಿಯಿರಿ ಎಂದು ಒಬ್ಬ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಿಡಿಯುತ್ತೇವೆ. ಅದು ಎಷ್ಟು ವರ್ಷದ ಕೆಲಸವೋ ಆಗಲಿ. ನಿಮ್ಮನ್ನು ಕೇಳುವುದು ಬೇರೆ. ಬಹುಮಾನ ಬಂದಿದೆ ಎಂದು ಗಂಡ ಹೆಂಡಿರನ್ನು ಕರೆಸಿ ನಾಲ್ಕು ತಾಸು ಕೂರಿಸುವ ಸಭೆಗೆ ಒಪ್ಪಿಗೆ ಕೊಟ್ಟವರು ಯಾರು? ನಲವತ್ತು ಪುಟದ ಕಾಗದವನ್ನು ಮನೆಗೆ ಒಯ್ದು ಓದಲು ಬಿಡದೆ ಸಹಿ ಹಾಕಿಸಬಹುದೇ? ಕನ್ನಡದಲ್ಲಿ ಮಾತಾಡಿ ಮಾರಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಬಹುದೇ? ಮಳೆಗಾಲದ ಕಾರ್ಡಿನ ಕೋಣೆ ಮಳೆಗಾಲದಲ್ಲಿ ತೆರೆದಿರುತ್ತದೆಯೇ ಎಂದು ನಿಮ್ಮಲ್ಲಿ ಯಾರಾದರೂ ಒಮ್ಮೆ ಹೋಗಿ ಬಾಗಿಲು ತಟ್ಟಿದ್ದಾರೆಯೇ? ಇದು ತಪ್ಪಲ್ಲ, ಎಲ್ಲವೂ ನಿಯಮದ ಪ್ರಕಾರವೇ ಇದೆ ಎಂದಾದರೆ ಅದನ್ನೂ ಬರೆದು ತಿಳಿಸಿ. ಅಂಥ ಉತ್ತರವೂ ಒಂದು ಉತ್ತರವೇ. ಈಗ ನಮ್ಮ ಹತ್ತಿರ ಅದೂ ಇಲ್ಲ.

ನನ್ನ ಬೇಡಿಕೆ ಇಷ್ಟು. ಬೋಟುಗಳು ಮತ್ತೆ ನೀರಿಗಿಳಿಯುವ ಮೊದಲು, ಜುಲೈ ಮೂವತ್ತೊಂದರೊಳಗೆ, ಕಂಪನಿಯವರನ್ನು ಕರೆಸಿ ಕೇಳಿ, ಅವರು ಏನು ಹೇಳಿ ಮಾರಿದರು, ಏನನ್ನು ಮುಚ್ಚಿಟ್ಟರು ಎಂಬುದನ್ನು ಕನ್ನಡದಲ್ಲಿ ಬರೆದು, ನಿಮ್ಮ ಕಚೇರಿಯ ಮೊಹರು ಹಾಕಿ ಕಳಿಸಿ. ಅದರಲ್ಲಿ ನನ್ನನ್ನು ನಿರಪರಾಧಿ ಎಂದು ಬರೆಯಬೇಡಿ. ಮಿಕ್ಸರ್ ಬಂದದ್ದನ್ನೂ ನಾನು ಹೇಳದೆ ಉಳಿದದ್ದನ್ನೂ ಬರೆಯಿರಿ. ಆದರೆ ಆರು ಮನೆಗಳನ್ನು ಮಾರಲೆಂದು ನಾನು ಆವತ್ತು ಟೆಂಪೋ ಹತ್ತಿರಲಿಲ್ಲ ಎಂಬ ಒಂದು ಸಾಲು, ವಿಚಾರಣೆಯಲ್ಲಿ ನಿಮಗೆ ಹಾಗೆಂದು ಕಂಡರೆ ಮಾತ್ರ, ಸೇರಿಸಿ. ಆ ಉತ್ತರವನ್ನು ಆರು ಮನೆಗಳಿಗೆ ಆರು ಲಕೋಟೆಯಲ್ಲಿ, ಅವರವರ ಹೆಸರಿಗೇ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ವಿಳಾಸಗಳು ನನ್ನ ಮೂರೂ ಅರ್ಜಿಗಳಲ್ಲಿವೆ. ‘ಅರ್ಜಿದಾರರ ಮೂಲಕ ತಲುಪಿಸುವುದು’ ಎಂದು ಮಾತ್ರ ಬರೆಯಬೇಡಿ. ನನ್ನ ಕೈಯಿಂದ ಬಂದ ಕಾಗದವನ್ನು ಆ ಆರು ಮನೆಗಳಲ್ಲಿ ಈಗ ಯಾರೂ ಮುಟ್ಟುವುದಿಲ್ಲ.

ಇಂತಿ,
ಇಪ್ಪತ್ತೈದು ವರ್ಷದ ಗೌರವಾನ್ವಿತ ಸದಸ್ಯ, ಎರಡು ರಾತ್ರಿಯ ಅತಿಥಿ,
ಆಗಸ್ಟ್ ಒಂದರವರೆಗಾದರೂ ತಾಂಡೇಲ,
ಪುಂಡಲೀಕ ರಾಮಾ ಹರಿಕಂತ್ರ
ಬೈತಖೋಲ, ಕಾರವಾರ